ಪೆಟ್ರೋಲ್ ಹಾಕಿಸಿದ ದಿನವೇ ಯಾಕೆ ಕೈಕೊಡುತ್ತೆ ಕಾರು?

ನಿಮ್ಮ ಪೆಟ್ರೋಲ್ ಕಾರು ಉಳಿದ ದಿನವೆಲ್ಲ ಚೆನ್ನಾಗಿ ಓಡುತ್ತಿದ್ದು, ಬಂಕಿನಲ್ಲಿ ಟ್ಯಾಂಕ್ ತುಂಬಿಸಿದ ಮೇಲೆ ಮಾತ್ರ ಸ್ಟಾರ್ಟ್ ಆಗಲು ಹಠ ಮಾಡುತ್ತಿದೆಯಾ? ಸ್ಟಾರ್ಟ್ ಆದರೂ ಒಂದೆರಡು ನಿಮಿಷ ಗಡಗಡ ನಡುಗಿ, ಮುಂದಿನ ಸಿಗ್ನಲ್ಲಿನಲ್ಲಿ ಆಫ್ ಆಗುತ್ತಾ? ಹಾಗಿದ್ದರೆ ಫ್ಯೂಯಲ್ ಪಂಪ್ ಬದಲಾಯಿಸಲು ಒಪ್ಪಿಕೊಳ್ಳುವ ಮೊದಲು ಹತ್ತು ನಿಮಿಷ ಬಿಡುವು ಮಾಡಿಕೊಂಡು ಇದನ್ನು ಓದಿ. ಬಾನೆಟ್ ಒಳಗೆ, ಇಂಜಿನ್ನಿಗೆ ಗಾಳಿ ಹೋಗುವ ದಾರಿಯ ಪಕ್ಕದಲ್ಲಿ, ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದಾದ ಒಂದು ಕಪ್ಪು ಪ್ಲಾಸ್ಟಿಕ್ ವಾಲ್ವ್ ಇರುತ್ತೆ. ಹೆಸರು ಪರ್ಜ್ ವಾಲ್ವ್. ಟ್ಯಾಂಕಿನಿಂದ ಏಳುವ ಪೆಟ್ರೋಲ್ ಆವಿಯನ್ನು ಇಂಜಿನ್ನಿಗೆ ಎಷ್ಟು, ಯಾವಾಗ ಬಿಡಬೇಕು ಅಂತ ಕಾಯುವ ಬಾಗಿಲು ಅದು. ಆ ಬಾಗಿಲು ಮುಚ್ಚದೇ ಹೋದರೆ ಮೇಲೆ ಹೇಳಿದ್ದೆಲ್ಲ ಆಗುತ್ತೆ.

ನಾನು ಮೆಕ್ಯಾನಿಕ್ ಅಲ್ಲ. ಓದಿದ್ದು ಎಲೆಕ್ಟ್ರಾನಿಕ್ಸ್, ಬೆಂಗಳೂರಿನಲ್ಲಿ ಮಾಡ್ತಿರೋದು ಸಾಫ್ಟ್‌ವೇರ್ ಕೆಲಸ. ಈ ವಾಲ್ವಿನ ಸಹವಾಸ ಬಂದಿದ್ದು ಹಾಸನದಲ್ಲಿರುವ ಅಮ್ಮನ ಕಾರಿನಿಂದ.

ಅಮ್ಮ ಹೈಸ್ಕೂಲ್ ಟೀಚರ್ ಆಗಿ ರಿಟೈರ್ ಆದವರು. ಅಪ್ಪನಿಗೆ ಗ್ಲಾಕೋಮಾ ಆಗಿ ಸ್ಟೀರಿಂಗ್ ಬಿಟ್ಟಾಗ ಅಮ್ಮನಿಗೆ 52 ವರ್ಷ. ಆ ವಯಸ್ಸಿನಲ್ಲಿ ಡ್ರೈವಿಂಗ್ ಸ್ಕೂಲಿಗೆ ಸೇರಿ, ಲೈಸೆನ್ಸ್ ತಗೊಂಡು, ಅಪ್ಪನನ್ನು ಕಣ್ಣಿನ ಆಸ್ಪತ್ರೆಗೆ, ಅಜ್ಜಿಯನ್ನು ಮದುವೆ ಮುಂಜಿಗೆ ಕರೆದುಕೊಂಡು ಹೋಗಲು ಶುರು ಮಾಡಿದರು. ಕಾರಿಗೆ ಎಂಟನೇ ವರ್ಷ ನಡೆಯುತ್ತಿದ್ದಾಗ ಬಂಕಿನಿಂದ ಹೊರಟ ಕಾರು ಎನ್.ಆರ್. ಸರ್ಕಲ್‌ನಲ್ಲಿ ಆಫ್ ಆಯಿತು. ಹಿಂದೆ ಹಾರ್ನ್ ಮೇಲೆ ಹಾರ್ನ್. "ಅಮ್ಮಾವ್ರೇ, ಮೊದ್ಲು ಸರ್ಯಾಗಿ ಓಡ್ಸೋದ್ ಕಲ್ತ್ಕೊಳಿ" ಅಂತ ಒಬ್ಬ ಕಿಟಕಿ ಪಕ್ಕ ಬಂದು ಹೇಳಿ ಹೋದನಂತೆ. ಇದೇ ಥರ ಮೂರು ಸಲ ಆದಮೇಲೆ ಅಮ್ಮ ಕಾರಿನ ಕೀಲಿಯನ್ನು ದೇವರ ಕೋಣೆಯ ಗೂಡಿನಲ್ಲಿಟ್ಟು ಆಟೋಗೆ ಫೋನ್ ಮಾಡತೊಡಗಿದರು. ನನಗೆ ಕಾರಿಗಿಂತ ಇದರದ್ದೇ ಚಿಂತೆ ಆಗಿದ್ದು.

ಕಾರನ್ನು ತೋರಿಸಿದ ವರ್ಕ್‌ಶಾಪಿನಲ್ಲಿ ಸ್ಪಾರ್ಕ್ ಪ್ಲಗ್ ಬದಲಾಯಿಸಿ, ಥ್ರಾಟಲ್ ಬಾಡಿ ಕ್ಲೀನ್ ಮಾಡಿ 3,800 ರೂಪಾಯಿ ಬಿಲ್ ಕೊಟ್ಟರು. ತೊಂದರೆ ಮತ್ತೆ ಬಂದಾಗ, ಫ್ಯೂಯಲ್ ಪಂಪ್ ಹೋಗಿರಬೇಕು, ಒಟ್ಟು 11,000 ಆಗಬಹುದು ಅಂದರು. ಜೊತೆಗೆ "ಮೇಡಂ ಕ್ಲಚ್ ಬೇಗ ಬಿಡ್ತಾರೆ ಅನ್ಸುತ್ತೆ ಸಾರ್" ಅಂತ ನನಗೊಂದು ಗುಟ್ಟಿನ ಸಲಹೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕೋದು ಅಂದರೆ ಇದೇ.

ನಿಜವಾದ ಸುಳಿವು ಸಿಕ್ಕಿದ್ದು ಅಮ್ಮನ ಹಾಲಿನ ಲೆಕ್ಕದ ಪುಸ್ತಕದಲ್ಲಿ. ಅದರ ಹಿಂದಿನ ಪುಟಗಳಲ್ಲಿ ಪೆಟ್ರೋಲ್ ಹಾಕಿಸಿದ ತಾರೀಕು, ರೂಪಾಯಿ, ಕಿಲೋಮೀಟರ್ ಬರೆದಿಡುವುದು ಅವರ ಅಭ್ಯಾಸ. ಕಾರು ಕೈಕೊಟ್ಟ ದಿನಗಳ ಪಕ್ಕ ಒಂದು ನಕ್ಷತ್ರ ಹಾಕಿದ್ದರು. ಎಲ್ಲ ನಕ್ಷತ್ರಗಳೂ 1,500, 2,000 ರೂಪಾಯಿ ಹಾಕಿಸಿದ ದಿನಗಳ ಎದುರಿಗೇ ಇದ್ದವು. 300 ರೂಪಾಯಿ ಹಾಕಿಸಿದ ದಿನ ಒಂದೂ ಇಲ್ಲ. "ಅದಕ್ಕೇ ಕಣೋ ನಾನು ಸ್ವಲ್ಪ ಸ್ವಲ್ಪನೇ ಹಾಕಿಸ್ತಿದ್ದೆ" ಅಂದರು ಅಮ್ಮ, ಏನೂ ದೊಡ್ಡ ವಿಷಯ ಅಲ್ಲ ಅನ್ನೋ ಹಾಗೆ. ಆಫೀಸಿನಲ್ಲಿ ಒಂದು ಬಗ್ ಯಾವಾಗ ಬರುತ್ತೆ, ಯಾವಾಗ ಬರಲ್ಲ ಅಂತ ಇಷ್ಟು ಚೊಕ್ಕವಾಗಿ ಬರೆದುಕೊಡೋರು ಸಿಕ್ಕರೆ ನಮ್ಮ ಅರ್ಧ ಕೆಲಸ ಮುಗಿದ ಹಾಗೆ. ಇನ್ನೊಂದು ಮಾತನ್ನೂ ಅವರೇ ಹೇಳಿದರು: ಆಕ್ಸಿಲರೇಟರ್ ಸ್ವಲ್ಪ ತುಳಿದುಕೊಂಡು ಕೀ ತಿರುಗಿಸಿದರೆ ಸ್ಟಾರ್ಟ್ ಆಗುತ್ತೆ. ಪಂಪ್ ಸೋತು ಪೆಟ್ರೋಲ್ ಸಾಲದೇ ಇದ್ದಿದ್ದರೆ ಹಾಗೆ ತುಳಿಯೋದರಿಂದ ಸಹಾಯ ಆಗುತ್ತಿರಲಿಲ್ಲ. ತುಳಿದಾಗ ಇಂಜಿನ್ನಿಗೆ ಹೆಚ್ಚು ಗಾಳಿ ಸಿಗುತ್ತೆ. ಅಂದರೆ ಅಲ್ಲಿ ಪೆಟ್ರೋಲ್ ಕಡಿಮೆ ಆಗಿಲ್ಲ, ಜಾಸ್ತಿ ಆಗಿದೆ.

ಜಾಸ್ತಿ ಪೆಟ್ರೋಲ್ ಬರೋದು ಎಲ್ಲಿಂದ ಅಂತ ಗೊತ್ತಾಗಲು ಆವಿಯ ದಾರಿಯನ್ನು ಸ್ವಲ್ಪ ನೋಡಬೇಕು.

ಪೆಟ್ರೋಲು ನೀರಿನ ಹಾಗೆ ಒಂದೇ ಪದಾರ್ಥ ಅಲ್ಲ, ನೂರಾರು ಹೈಡ್ರೋಕಾರ್ಬನ್‌ಗಳ ಮಿಶ್ರಣ. ಅದರಲ್ಲಿ ಹಗುರವಾದವು ಸುಮಾರು 35 ಡಿಗ್ರಿಗೇ ಕುದಿಯಲು ಶುರು ಮಾಡುತ್ತವೆ. ಏಪ್ರಿಲ್ ತಿಂಗಳ ಬಿಸಿಲಲ್ಲಿ ನಿಂತ ಕಾರಿನ ಟ್ಯಾಂಕಿನೊಳಗೆ ಏನು ನಡೆಯುತ್ತೆ ಅಂತ ನೀವೇ ಊಹಿಸಿಕೊಳ್ಳಿ. ಮೊದಲೆಲ್ಲ ಈ ಆವಿ ಸುಮ್ಮನೆ ಗಾಳಿಗೆ ಹೋಗುತ್ತಿತ್ತು. ಅದರಿಂದ ಏನಾಗುತ್ತೆ ಅಂತ ಕಂಡುಹಿಡಿದಿದ್ದು ಅಮೆರಿಕದ ಲಾಸ್ ಏಂಜಲೀಸಿನಲ್ಲಿ. ಊರಿಗೆ ಊರೇ ಕಣ್ಣುರಿಸುವ ಹೊಗೆಮಂಜಿನಲ್ಲಿ ಮುಳುಗುತ್ತಿದ್ದಾಗ, ಕ್ಯಾಲ್‌ಟೆಕ್‌ನಲ್ಲಿದ್ದ ಡಚ್ ಮೂಲದ ರಸಾಯನ ವಿಜ್ಞಾನಿ ಆರಿ ಹಾಗೆನ್-ಸ್ಮಿತ್ 1950ರ ದಶಕದ ಆರಂಭದಲ್ಲಿ ಅದರ ಗುಟ್ಟು ಬಿಡಿಸಿದರು. ಅದಕ್ಕೆ ಮೊದಲು ಅವರು ಅನಾನಸ್ ಹಣ್ಣಿನ ಪರಿಮಳ ಎಲ್ಲಿಂದ ಬರುತ್ತೆ ಅಂತ ಹುಡುಕುತ್ತಿದ್ದವರು! ಸುಡದೇ ಹೊರಬರುವ ಪೆಟ್ರೋಲ್ ಆವಿ ಮತ್ತು ಇಂಜಿನ್ ಬಿಡುವ ನೈಟ್ರೋಜನ್ ಆಕ್ಸೈಡುಗಳು ಬಿಸಿಲಲ್ಲಿ ಸೇರಿದರೆ ಓಜೋನ್ ಹುಟ್ಟುತ್ತೆ ಅಂತ ಅವರು ತೋರಿಸಿಕೊಟ್ಟರು. ಮೇಲೆ ಆಕಾಶದಲ್ಲಿದ್ದರೆ ನಮ್ಮನ್ನು ಕಾಯುವ ಓಜೋನು, ಕೆಳಗೆ ಮೂಗಿನ ಹತ್ತಿರ ಬಂದರೆ ಶ್ವಾಸಕೋಶಕ್ಕೆ ಕೆಡುಕು. ಕ್ಯಾಲಿಫೋರ್ನಿಯಾದಲ್ಲಿ 1970ರ ಮಾದರಿಯ ಕಾರುಗಳಿಂದ, ಮರುವರ್ಷ ಇಡೀ ಅಮೆರಿಕದಲ್ಲಿ, ಆವಿಯನ್ನು ಹಿಡಿದಿಡುವ ವ್ಯವಸ್ಥೆ ಕಡ್ಡಾಯವಾಯಿತು.

ನಮ್ಮಲ್ಲೂ ಈಗ ನಿಯಮ ಇದೆ. ಬಿಎಸ್-6 ಪ್ರಕಾರ ಪೆಟ್ರೋಲ್ ಕಾರನ್ನು ಬಿಗಿಯಾಗಿ ಮುಚ್ಚಿದ ಕೋಣೆಯಲ್ಲಿ ನಿಲ್ಲಿಸಿ ಅಳೆದಾಗ, ಇಡೀ ಪರೀಕ್ಷೆಯಲ್ಲಿ ಹೊರಬರುವ ಆವಿ 2 ಗ್ರಾಂ ಮೀರಬಾರದು. ಎರಡು ಗ್ರಾಂ ಅಂದರೆ ಅರ್ಧ ಚಮಚಕ್ಕಿಂತ ಸ್ವಲ್ಪ ಹೆಚ್ಚು ಪೆಟ್ರೋಲ್, ಅಷ್ಟೇ. ಡೀಸೆಲ್ ಇಷ್ಟು ಸುಲಭವಾಗಿ ಆವಿಯಾಗಲ್ಲ, ಆದ್ದರಿಂದ ಡೀಸೆಲ್ ಕಾರಿನವರಿಗೆ ಈ ತಾಪತ್ರಯವೇ ಇಲ್ಲ. ಅವರು ಈ ಲೇಖನ ಇಲ್ಲಿಗೇ ಬಿಟ್ಟು ಅಡುಗೆ ಅಂಕಣಕ್ಕೆ ಹೋಗಬಹುದು.

ಆವಿಯನ್ನು ಹಿಡಿಯೋದು ಇದ್ದಿಲು. ಕ್ಯಾನಿಸ್ಟರ್ ಅನ್ನುವ ಒಂದು ಪ್ಲಾಸ್ಟಿಕ್ ಡಬ್ಬಿಯ ತುಂಬ ಆಕ್ಟಿವೇಟೆಡ್ ಇದ್ದಿಲಿನ ಹರಳುಗಳಿರುತ್ತವೆ. ಮನೆಯ ನೀರಿನ ಫಿಲ್ಟರ್‌ನಲ್ಲಿ ತೆಂಗಿನ ಚಿಪ್ಪಿನ ಇದ್ದಿಲು ಇರುತ್ತಲ್ಲ, ಅದರ ಬಂಧು; ಕಾರಿನ ಡಬ್ಬಿಗೆ ಹೆಚ್ಚಾಗಿ ಮರದಿಂದ ಮಾಡಿದ್ದನ್ನು ಹಾಕುತ್ತಾರೆ. ಒಂದು ಗ್ರಾಂ ಇದ್ದಿಲಿನೊಳಗಿನ ಸಣ್ಣ ಸಣ್ಣ ತೂತುಗಳ ಮೈಯನ್ನೆಲ್ಲ ಬಿಡಿಸಿ ಹಾಸಿದರೆ ಸಾವಿರ ಚದರ ಮೀಟರಿನಷ್ಟು ಆಗುತ್ತೆ. ನಾಲ್ಕು 30-40 ಸೈಟಿನಷ್ಟು ಜಾಗ ಇಟ್ಟರೂ ಸಾಲದು! ಟ್ಯಾಂಕಿನ ಆವಿ ಅಲ್ಲಿ ಬಂದು ಅಂಟಿಕೊಳ್ಳುತ್ತೆ. ಆದರೆ ಡಬ್ಬಿ ತುಂಬುತ್ತಾ ಹೋದರೆ ಎಷ್ಟು ದಿನ ಸಾಗೀತು? ಅದಕ್ಕೆ ಕಾರು ಓಡುವಾಗ ಇಂಜಿನ್ ತನ್ನ ಎಳೆತದಿಂದ ಹೊರಗಿನ ಗಾಳಿಯನ್ನು ಇದ್ದಿಲಿನ ಮೂಲಕ ಎಳೆದುಕೊಂಡು, ಜೊತೆಗೆ ಬಂದ ಆವಿಯನ್ನು ಸುಟ್ಟುಬಿಡುತ್ತೆ. ಡಬ್ಬಿ ಖಾಲಿ, ಪೆಟ್ರೋಲೂ ದಂಡ ಆಗಲಿಲ್ಲ. ಈ ಡಬ್ಬಿಗೂ ಇಂಜಿನ್ನಿಗೂ ನಡುವೆ ಕೂತಿರೋದೇ ಪರ್ಜ್ ವಾಲ್ವ್.

ಅದು ಒಂದು ಸೊಲೆನಾಯ್ಡ್. ತಾಮ್ರದ ಸುರುಳಿ, ಒಳಗೊಂದು ಕಬ್ಬಿಣದ ಗುಂಡಿ, ಅದನ್ನು ಒತ್ತಿ ಹಿಡಿಯಲು ಸ್ಪ್ರಿಂಗ್. ಕರೆಂಟ್ ಇಲ್ಲದಾಗ ಮುಚ್ಚಿರಬೇಕು. ಇಂಜಿನ್ ಬಿಸಿಯಾಗಿ ಕಾರು ಹದವಾಗಿ ಓಡತೊಡಗಿದ ಮೇಲೆ ಕಾರಿನ ಕಂಪ್ಯೂಟರು ಸೆಕೆಂಡಿಗೆ ಹಲವು ಸಲ ಕರೆಂಟ್ ಕೊಟ್ಟು, ತೆಗೆದು, ಬೇಕಾದಷ್ಟೇ ಆವಿ ಬಿಡುತ್ತೆ. ಬಾನೆಟ್ ಎತ್ತಿದಾಗ ಟಿಕ್ ಟಿಕ್ ಸದ್ದು ಕೇಳಿದರೆ ಹೆದರಬೇಡಿ, ಹಲವು ಕಾರುಗಳಲ್ಲಿ ಅದು ಈ ವಾಲ್ವಿನದೇ. ವರ್ಷಗಟ್ಟಲೆ ಹೀಗೆ ಬಡಿದುಕೊಂಡು ಸ್ಪ್ರಿಂಗ್ ಸೋಲಬಹುದು, ಧೂಳೋ ಇದ್ದಿಲಿನ ಪುಡಿಯೋ ಸಿಕ್ಕಿಕೊಂಡು ಬಾಗಿಲು ಪೂರ್ತಿ ಮುಚ್ಚದೇ ಉಳಿಯಬಹುದು.

ಮುಚ್ಚದೇ ಉಳಿದಾಗ ಏನಾಗುತ್ತೆ ನೋಡಿ. ಬಿಸಿಲಿಗೆ ಕಾದ ಟ್ಯಾಂಕಿಗೆ ಹೊಸ ಪೆಟ್ರೋಲ್ ಸುರಿದಾಗ ಎಲ್ಲ ಕಲಕಿ ಆವಿ ಏಳುತ್ತೆ. ಮುಚ್ಚಳ ಹಾಕಿದ ಮೇಲೆ ಅದಕ್ಕೆ ಇರೋದು ಕ್ಯಾನಿಸ್ಟರ್ ದಾರಿ ಒಂದೇ. ಸ್ಟಾರ್ಟ್ ಮಾಡಲು ಹೋದ ತಕ್ಷಣ, ಲೆಕ್ಕಕ್ಕೇ ಸಿಗದ ಆ ಆವಿ ನೇರವಾಗಿ ಇಂಜಿನ್ನಿಗೆ ನುಗ್ಗುತ್ತೆ. ಕಂಪ್ಯೂಟರ್ ತಾನು ಅಳೆದ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಕೊಟ್ಟಿರುತ್ತೆ, ಇದು ಅದರ ಮೇಲಿನ ಹೆಚ್ಚುವರಿ. ಮಿಶ್ರಣ ದಪ್ಪವಾಗಿ ಇಂಜಿನ್ ಉಸಿರುಗಟ್ಟುತ್ತೆ. ಸ್ವಲ್ಪ ಹೊತ್ತಿಗೆ ಡಬ್ಬಿ ಖಾಲಿಯಾಗಿ, ಇಂಜಿನ್ ಬಿಸಿಯಾಗಿ ಎಲ್ಲ ಸರಿಹೋದ ಹಾಗೆ ಕಾಣುತ್ತೆ. ಅಷ್ಟು ಹೊತ್ತಿಗೆ ನೀವು ವರ್ಕ್‌ಶಾಪ್ ತಲುಪಿರುತ್ತೀರಿ, ಅಲ್ಲಿ ಕಾರು ಹೂವಿನ ಹಾಗೆ ಓಡುತ್ತೆ!

"ಏನಾದ್ರೂ ಕೆಟ್ಟಿದ್ರೆ ಇಂಜಿನ್ ಲೈಟ್ ಬರ್ಬೇಕಲ್ವಾ?" ಅಂತ ನೀವು ಕೇಳಬಹುದು. ಇಲ್ಲೇ ಮನೆಮಂದಿ ತಿಳಿದುಕೊಳ್ಳಬೇಕಾದ ಒಂದು ವಿಷಯ ಇದೆ. ಅಮೆರಿಕದ ನಿಯಮ ಬಹಳ ಕಟ್ಟುನಿಟ್ಟು. ಅಲ್ಲಿ ಆವಿಯ ದಾರಿಯಲ್ಲಿ ಅರ್ಧ ಮಿಲಿಮೀಟರ್ ತೂತು ಬಿದ್ದರೂ ಕಾರೇ ಪತ್ತೆ ಹಚ್ಚಬೇಕು. ಯೂರೋಪಿನ ಮಾದರಿಯ ನಿಯಮದಲ್ಲಿ, ನಾವು ಹಿಡಿದಿರುವುದೂ ಅದೇ ದಾರಿ, ಕನಿಷ್ಠ ಪಕ್ಷ ವಾಲ್ವಿನ ವೈರಿಂಗ್ ಸರಿಯಿದೆಯೇ ಎಂದು ನೋಡಿದರೆ ಸಾಕು. ಸುರುಳಿ ತುಂಡಾದರೆ, ಪ್ಲಗ್ ಕಳಚಿದರೆ ಪಿ 0443ರಂಥ ಕೋಡ್ ಬಂದು ಲೈಟ್ ಹತ್ತುತ್ತೆ. ಆದರೆ ಸುರುಳಿ ಚೆನ್ನಾಗಿದ್ದು ಬಾಗಿಲು ಮಾತ್ರ ತೆರೆದೇ ಉಳಿದರೆ, ವೈರಿಂಗಿನ ಲೆಕ್ಕದಲ್ಲಿ ಎಲ್ಲ ಸರಿ. ಲೈಟ್ ಬರದೇ ಇರಬಹುದು. ಬಂದರೂ ಮಿಶ್ರಣ ದಪ್ಪ ಅನ್ನುವ ಪಿ 0172, ಇಲ್ಲವೇ ತೆಳು ಅನ್ನುವ ಪಿ 0171 ಬಂದು, ಬೇರೆ ಬಿಡಿಭಾಗಗಳ ಮೇಲೆ ಅನುಮಾನ ಹುಟ್ಟಿಸುತ್ತೆ. ಎಮಿಷನ್ ಟೆಸ್ಟ್ ಮಾಡಿಸಿದ್ದೀವಲ್ಲ ಅಂದರೆ, ಅದು ಸೈಲೆನ್ಸರ್ ಹೊಗೆಯದ್ದು ಮಾತ್ರ. ಆವಿಯನ್ನು ಅಲ್ಲಿ ಯಾರೂ ಅಳೆಯಲ್ಲ.

ಅಮ್ಮನ ಕಾರಿಗೆ ನಾನು ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಸಿಕ್ಕಿಸುವ ಸಣ್ಣ ಬ್ಲೂಟೂತ್ ಸ್ಕ್ಯಾನರ್ ಹಾಕಿ ನೋಡಿದೆ. ಲೈಟ್ ಹತ್ತಿರಲಿಲ್ಲ, ಒಳಗೆ ಪಿ 0172 ಕಾಯುತ್ತಾ ಕೂತಿತ್ತು. ಟ್ಯಾಂಕ್ ತುಂಬಿಸಿಕೊಂಡು ಬಂದು ಐಡ್ಲಿಂಗ್‌ನಲ್ಲಿ ಬಿಟ್ಟೆ. ಪರ್ಜ್ ವಾಲ್ವಿಗೆ ಕಂಪ್ಯೂಟರ್ ಕೊಟ್ಟ ಆಜ್ಞೆ ಸೊನ್ನೆ, ಅಂದರೆ 'ಮುಚ್ಚಿರು'. ಆದರೂ ಅದೇ ಕಂಪ್ಯೂಟರ್ ಪೆಟ್ರೋಲನ್ನು ಶೇಕಡಾ 20ಕ್ಕಿಂತ ಹೆಚ್ಚು ಕಡಿತ ಮಾಡುತ್ತಿತ್ತು. ಎಲ್ಲಿಂದಲೋ ಲೆಕ್ಕವಿಲ್ಲದ ಪೆಟ್ರೋಲ್ ಬರುತ್ತಿದೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಸ್ಕ್ಯಾನರ್ ಇಲ್ಲದಿದ್ದರೂ ಪರವಾಗಿಲ್ಲ, ಬೆರಳು ಸಾಕು. ಬಸ್ ಸ್ಟ್ಯಾಂಡ್ ಹಿಂದಿನ ಪುಟ್ಟ ಗ್ಯಾರೇಜಿನ ಮೆಕ್ಯಾನಿಕ್ ಒಬ್ಬರ ಹತ್ತಿರ ಹೋಗಿ "ಪರ್ಜ್ ವಾಲ್ವ್ ಒಮ್ಮೆ ನೋಡೋಣವಾ ಅಣ್ಣ?" ಅಂದೆ. ಬೆಳಿಗ್ಗೆ ತಣ್ಣಗಿರುವಾಗ ತನ್ನಿ ಅಂದರು. ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಿ, ಕ್ಯಾನಿಸ್ಟರ್ ಕಡೆಯಿಂದ ಬರುವ ಪೈಪನ್ನು ವಾಲ್ವಿನಿಂದ ಕಳಚಿ, ಆ ಬಾಯಿಗೆ ಬೆರಳಿಟ್ಟರು. ಇಂಜಿನ್ ತಣ್ಣಗಿರುವಾಗ ವಾಲ್ವ್ ಮುಚ್ಚಿರಲೇಬೇಕು, ಬೆರಳಿಗೆ ಏನೂ ಗೊತ್ತಾಗಬಾರದು. ಅವರ ಬೆರಳನ್ನು ಅದು ಕಚಕ್ಕನೆ ಎಳೆದುಕೊಂಡಿತು. ಬೆರಳಿಟ್ಟು ಮುಚ್ಚಿದ ತಕ್ಷಣ ಇಂಜಿನ್ ನಡುಕವೂ ನಿಂತಿತು. "ನೋಡಿ ಸಾರ್, ಇಷ್ಟೇ" ಅಂದರು. ಅಮ್ಮನನ್ನೂ ಕರೆದು ಬೆರಳಿಡಿಸಿದೆ. ಎರಡು ತಿಂಗಳಿಂದ ಕೇಳಿದ್ದ ಮಾತುಗಳಿಗೆ ಅವರೊಬ್ಬರೇ ಅಲ್ಲೇ ನಿಂತು ನಕ್ಕರು.

ವಾಲ್ವನ್ನು ಬಿಚ್ಚಿದ ಮೇಲೂ ಪರೀಕ್ಷೆ ಮಾಡಬಹುದು. ಕ್ಯಾನಿಸ್ಟರ್ ಕಡೆಯ ಬಾಯಿಗೆ ಒಂದು ಶುದ್ಧವಾದ ರಬ್ಬರ್ ಪೈಪ್ ಸಿಕ್ಕಿಸಿ ಮೆಲ್ಲಗೆ ಊದಿ. ಗಾಳಿ ಆಚೆ ಹೋಗಬಾರದು. ಊದಬೇಕು ಅಷ್ಟೇ, ಯಾವ ಕಾರಣಕ್ಕೂ ಬಾಯಲ್ಲಿ ಎಳೆಯಬೇಡಿ; ಪೆಟ್ರೋಲಿನಲ್ಲಿರುವ ಬೆಂಜೀನ್ ಕ್ಯಾನ್ಸರ್‌ಕಾರಕ. 12 ವೋಲ್ಟ್ ಕೊಟ್ಟಾಗ 'ಕ್ಲಿಕ್' ಅಂದು ಗಾಳಿ ಆಚೆ ಬರಬೇಕು. ಇದನ್ನು ಕಾರಿನಿಂದ ದೂರ, ಮೇಜಿನ ಮೇಲೆ ಮಾಡಿ. ಕಿಡಿಗೂ ಪೆಟ್ರೋಲ್ ಆವಿಗೂ ಎಣ್ಣೆ ಸೀಗೇಕಾಯಿ ಸಂಬಂಧ ಅಂತ ಹೇಳಿದರೆ ಕಡಿಮೆಯೇ.

ಬದಲಾಯಿಸುವ ಕೆಲಸ ಅಮ್ಮನ ಕಾರಿನಲ್ಲಿ ಇಪ್ಪತ್ತು ನಿಮಿಷ ಹಿಡಿಯಿತು. ವಾಲ್ವ್ ಕೈಗೆಟಕುವಲ್ಲೇ ಇತ್ತು. ಇಂಜಿನ್ ತಣ್ಣಗಿದ್ದು, ಬಯಲಲ್ಲಿ ಕಾರು ನಿಲ್ಲಿಸಿ, ಬ್ಯಾಟರಿಯ ನೆಗೆಟಿವ್ ಕಳಚಿದರು. ವೈರಿನ ಪ್ಲಗ್‌ಗೆ ಒಂದು ಲಾಕ್, ಪೈಪುಗಳಿಗೆ ಎರಡು ಕ್ಲಿಪ್, ಹಿಡಿದಿಡಲು ಒಂದು ಬೋಲ್ಟ್. ಹಳೇ ಪ್ಲಾಸ್ಟಿಕ್ ಶಾಖಕ್ಕೆ ಒಣಗಿ ಹಪ್ಪಳದ ಹಾಗಾಗಿರುತ್ತೆ, ಜೋರು ಮಾಡಿದರೆ ಪಟ್ ಅನ್ನುತ್ತೆ. ಆದ್ದರಿಂದ ಲಾಕ್ ಒತ್ತಿ, ಪೈಪನ್ನು ಮೊದಲು ತಿರುಗಿಸಿ, ಆಮೇಲೆ ಎಳೆಯಬೇಕು. ಹೊಸ ವಾಲ್ವಿನ ಮೇಲೆ ಬಾಣದ ಗುರುತಿದ್ದರೆ ಹಳೆಯದು ಯಾವ ದಿಕ್ಕಿಗಿತ್ತೋ ಅದೇ ದಿಕ್ಕಿಗೆ ಹಾಕಬೇಕು. ಬಿಚ್ಚುವ ಮೊದಲು ಮೊಬೈಲಲ್ಲಿ ಒಂದು ಫೋಟೋ ತೆಗೆದಿಟ್ಟುಕೊಂಡರೆ ಆಯಿತು. ಒರಿಜಿನಲ್ ವಾಲ್ವಿಗೆ 1,650 ರೂಪಾಯಿ, ಕೂಲಿ 300. ಕೂಲಿ ಸಾಲದು ಅನ್ನಿಸಿ 500 ಕೊಟ್ಟೆ. ಎಲ್ಲ ಕಾರಿನಲ್ಲೂ ಇಷ್ಟು ಸುಲಭ ಇರಲ್ಲ. ಕೆಲವು ಮಾದರಿಗಳಲ್ಲಿ ವಾಲ್ವ್ ಇಂಟೇಕ್ ಮ್ಯಾನಿಫೋಲ್ಡಿನ ಹಿಂದೆ ಅಡಗಿರುತ್ತೆ, ಇನ್ನು ಕೆಲವದರಲ್ಲಿ ಹಿಂದೆ ಟ್ಯಾಂಕಿನ ಹತ್ತಿರ. ವಾರಂಟಿಯಲ್ಲಿರುವ ಕಾರಾದರೆ ನೀವು ಕೈಹಾಕದೇ ಕಂಪನಿಯವರಿಗೇ ತೋರಿಸುವುದು ಒಳ್ಳೆಯದು.

ಹಳೇ ವಾಲ್ವನ್ನು ಬಿಸಾಡುವ ಮುಂಚೆ ಬಿಳಿ ಕಾಗದದ ಮೇಲೆ ತಟ್ಟಿ ನೋಡಬೇಕು. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಇದೇ ಮುಖ್ಯ, ಮತ್ತೆ ಬಹಳ ಜನ ಬಿಟ್ಟುಬಿಡೋದೂ ಇದನ್ನೇ. ಕಪ್ಪು ಹರಳು ಉದುರಿದರೆ ಕ್ಯಾನಿಸ್ಟರ್ ಒಳಗೆ ಒಡೆದು ಇದ್ದಿಲು ಹೊರಬರುತ್ತಿದೆ ಅಂತ ಅರ್ಥ. ಆಗ ಪೈಪನ್ನು ಗಾಳಿ ಹೊಡೆದು ಚೊಕ್ಕ ಮಾಡಿ, ಕ್ಯಾನಿಸ್ಟರನ್ನೂ ಬದಲಾಯಿಸಬೇಕು. ಇಲ್ಲದಿದ್ದರೆ ಹೊಸ ವಾಲ್ವೂ ಕೆಲವೇ ದಿನಕ್ಕೆ ಅದೇ ಹಾದಿ ಹಿಡಿಯುತ್ತೆ. ನಮ್ಮದರಲ್ಲಿ ಬರೀ ಸಣ್ಣ ಧೂಳಿತ್ತು, ಡಬ್ಬಿ ಗಟ್ಟಿಯಾಗಿತ್ತು.

ಕ್ಯಾನಿಸ್ಟರ್ ಹಾಳಾಗಲು ಒಂದು ಕಾರಣ ನಾವೇ ಬಂಕಿನಲ್ಲಿ ಹೇಳುವ ಮಾತು. ಟ್ಯಾಂಕ್ ತುಂಬಿದಾಗ ಗನ್ ತಾನಾಗಿಯೇ ಟಕ್ ಅಂತ ನಿಲ್ಲುತ್ತೆ. ಮೀಟರಿನಲ್ಲಿ 1,863 ತೋರಿಸುತ್ತಿರುತ್ತೆ. "ಸಾರ್, ರೌಂಡ್ ಫಿಗರ್ ಮಾಡ್ಲಾ?" ಅಂತ ಹುಡುಗ ಕೇಳುತ್ತಾನೆ, ನಾವು ತಲೆಯಾಡಿಸುತ್ತೇವೆ. ಚಿಲ್ಲರೆ ಕಾಟ ಇದ್ದ ಕಾಲದಲ್ಲಿ ಅದಕ್ಕೊಂದು ಅರ್ಥ ಇತ್ತು. ಈಗ ಫೋನಿನಲ್ಲಿ ಪೈಸೆ ಸಮೇತ ಕಳಿಸ್ತೀವಿ, ಆದರೂ ಅಭ್ಯಾಸ ಬಿಟ್ಟಿಲ್ಲ. ಟ್ಯಾಂಕಿನ ಮೇಲ್ಭಾಗದಲ್ಲಿ ಖಾಲಿ ಬಿಟ್ಟಿರುವ ಜಾಗ ಆವಿಗೆ, ಶಾಖಕ್ಕೆ ಹಿಗ್ಗುವ ಪೆಟ್ರೋಲಿಗೆ. ಅಲ್ಲಿಗೂ ತುಂಬಿಸಿದರೆ ಆವಿ ಹೋಗಬೇಕಾದ ಪೈಪಿನಲ್ಲಿ ಪೆಟ್ರೋಲೇ ಹರಿದು ಇದ್ದಿಲನ್ನು ನೆನೆಸುತ್ತೆ. ಒಮ್ಮೆ ಹಸಿ ಪೆಟ್ರೋಲಿನಲ್ಲಿ ನೆಂದ ಇದ್ದಿಲು ಮೊದಲಿನ ಹಾಗೆ ಆವಿ ಹಿಡಿಯಲ್ಲ. 37 ರೂಪಾಯಿಯ ಪೆಟ್ರೋಲಿಗೆ ಸಾವಿರಗಟ್ಟಲೆ ಬೆಲೆಯ ಡಬ್ಬಿ ಹಾಳು. ಗನ್ ಮೊದಲ ಸಲ ನಿಂತ ಕೂಡಲೇ "ಸಾಕು" ಅನ್ನಿ. ಮುಚ್ಚಳವನ್ನು ಕ್ಲಿಕ್ ಅನ್ನೋವರೆಗೆ ತಿರುಗಿಸಿದ್ದಾರಾ ಅಂತಲೂ ನೋಡಿ.

ಸ್ಕೂಟರ್, ಬೈಕ್ ಇರುವವರಿಗೂ ಒಂದು ಮಾತು. ಬಿಎಸ್-4 ಬಂದಾಗಿನಿಂದ ದ್ವಿಚಕ್ರ ವಾಹನಗಳಲ್ಲೂ ಇದ್ದಿಲಿನ ಸಣ್ಣ ಡಬ್ಬಿ ಇರುತ್ತೆ. "ಇದು ಸುಮ್ನೆ ಕಿರಿಕಿರಿ, ತೆಗ್ದುಬಿಡೋಣ" ಅಂತ ಯಾರಾದರೂ ಅದನ್ನು ಕಳಚಿ, ಪೈಪಿನ ತುದಿಗೆ ಬೋಲ್ಟ್ ತುರುಕಲು ಬಂದರೆ ಒಪ್ಪಬೇಡಿ. ಆ ಗಾಡಿ ರಾತ್ರಿ ನಿಲ್ಲೋದು ಎಷ್ಟೋ ಮನೆಗಳಲ್ಲಿ ಹಾಲಿನ ಪಕ್ಕದ ಪ್ಯಾಸೇಜಿನಲ್ಲಿ, ಮಕ್ಕಳು ಮಲಗುವ ಕೋಣೆಯ ಕಿಟಕಿ ಕೆಳಗೆ. ಬೆಳಿಗ್ಗೆ ಬಾಗಿಲು ತೆಗೆದಾಗ ಪೆಟ್ರೋಲ್ ವಾಸನೆ ಬರುತ್ತಿದ್ದರೆ ಕಾರಾಗಲಿ ಸ್ಕೂಟರ್ ಆಗಲಿ, ಮೊದಲು ಲೀಕ್ ಇದೆಯಾ ಅಂತ ತೋರಿಸಿ, ಆಮೇಲೆ ಡಬ್ಬಿ ಮತ್ತು ಪೈಪುಗಳನ್ನು ನೋಡಲು ಹೇಳಿ.

ವಾಲ್ವ್ ಬದಲಾಯಿಸಿದ ಮೇಲೆ ಸ್ಕ್ಯಾನರ್‌ನಲ್ಲಿ ಹಳೇ ಕೋಡ್ ಅಳಿಸಿ, ನಾಲ್ಕೈದು ದಿನ ಓಡಿಸಿ ಮತ್ತೆ ನೋಡಬೇಕು. ಬ್ಯಾಟರಿ ಕಳಚಿದ್ದರಿಂದ ಮೊದಲ ದಿನ ಐಡ್ಲಿಂಗ್ ಸ್ವಲ್ಪ ಏರುಪೇರಾದರೆ ಗಾಬರಿ ಬೇಡ. ನಿಜವಾದ ಪರೀಕ್ಷೆ ಮುಂದಿನ ಫುಲ್ ಟ್ಯಾಂಕ್. ಅಮ್ಮ ಇಲ್ಲಿಯವರೆಗೆ ಆರು ಸಲ ತುಂಬಿಸಿದ್ದಾರೆ. ಪುಸ್ತಕದಲ್ಲಿ ನಕ್ಷತ್ರ ಬಿದ್ದಿಲ್ಲ. ಕಳೆದ ಭಾನುವಾರ ಅಪ್ಪ, ಅಜ್ಜಿ ಇಬ್ಬರನ್ನೂ ಕೂರಿಸಿಕೊಂಡು ಬೇಲೂರಿಗೆ ಹೋಗಿ ಬಂದರಂತೆ. ನನಗೆ ಗೊತ್ತಾಗಿದ್ದು ಸೋಮವಾರ.